ಖರ್ಜೂರದ ಪಾಠ

ಮಂದಾರಪುರದ ರಾಜಬೀದಿಯಲ್ಲಿ ಅಂದು ಬೆಳಗಿನಿಂದಲೇ ನೂಕುನುಗ್ಗಲು. ಮುತ್ತಿನ ಅಂಗಡಿಗಳ ಮುಂದೆ ಪಲ್ಲಕ್ಕಿಗಳು ಸಿಕ್ಕಿಹಾಕಿಕೊಂಡಿದ್ದವು. ಕೋಟೆಯ ಬುರುಜಿನ ಮೇಲೆ ನಗಾರಿ ಮೊಳಗುತ್ತಿತ್ತು. ಪಟ್ಟದಾನೆಯು ಯಾರದೋ ಕಬ್ಬಿನ ಗಾಡಿಯನ್ನು ನಿರಾತಂಕವಾಗಿ ಬರಿದು ಮಾಡುತ್ತಿತ್ತು. ಬಿಡಿಸುವವರಿಲ್ಲ. ಜನರೆಲ್ಲ ಆಸ್ಥಾನದತ್ತ ಧಾವಿಸಿದ್ದರು. ದುಭಾಷಿ ಯಾಹ್ಯಾ ಸಾಹೇಬರ ವಿಚಾರಣೆ ಅಲ್ಲಿ ನಡೆಯಲಿತ್ತು.

ಅವರ ಅಪರಾಧವೇನು? ಅರಬರ ನಾಡಿಗೆ ಹಡಗೇರಿ ಕುದುರೆ ಕೊಳ್ಳಲು ಹೊರಡಲಿದ್ದ ಅಶ್ವಾಧ್ಯಕ್ಷ ಹಂಪರಸನಿಗೆ, ಮಹಾರಾಜರ ಅಪ್ಪಣೆಯಂತೆಯೇ, ಆ ನಾಡಿನ ಮಾತು ಮರ್ಯಾದೆಗಳನ್ನು ಕಲಿಸಿದ್ದು! ಅದುವರೆಗೆ ಕುದುರೆಗಳೆಲ್ಲ ಬರುತ್ತಿದ್ದುದು ಮಹಾಪ್ರಧಾನ ವಾಮರಸಯ್ಯನ ಭಾವಮೈದುನನ ಕೈಯಿಂದ. ಅರ್ಧಕ್ಕರ್ಧ ಕುಂಟು, ಉಳಿದವು ಮುದಿ. ಕಳೆದ ಯುದ್ಧದಲ್ಲಿ ಅವು ಕುಸಿದುಬಿದ್ದು ಸವಾರರು ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ಹಂಪರಸ ನೇರವಾಗಿ ಅರಬರಲ್ಲಿಗೆ ಹೋದರೆ ತನ್ನ ಬೇಳೆ ಬೇಯದೆಂದು ಅರಿತ ಆ ಪಾಪಿ ಪ್ರಧಾನ, ಈಗ ಧರ್ಮದ ಮುಸುಕು ಹೊದ್ದು ನಿಂತಿದ್ದ.

"ಏನೇನು ಕಲಿಸಿದಿರಿ? ಸಭೆಗೆ ತಿಳಿಸಿ," ಎಂದರು ಮಹಾರಾಜ ವೀರಮಾರ್ತಾಂಡದೇವರು.

"ಪ್ರಭು, ಮೊದಲು 'ಅಸ್ಸಲಾಮು ಅಲೈಕುಮ್' ಎಂದು ಶಾಂತಿ ಕೋರಬೇಕು. ಕುಶಲ ಕೇಳಬೇಕು, ಆದರೆ ಮನೆಯ ಹೆಂಗಸರ ಮಾತೆತ್ತಬಾರದು. ಅವರು ಕೊಟ್ಟ ಖರ್ಜೂರವನ್ನು ಬಲಗೈಯಲ್ಲಿ ತೆಗೆದುಕೊಂಡು, ಅವರೆದುರೇ ತಿಂದು, 'ಶುಕ್ರನ್' ಎಂದು ಕೃತಜ್ಞತೆ ಹೇಳಬೇಕು. ಕುದುರೆಯ ಮಾತು ಆಮೇಲೆ. ತಿನ್ನಲೊಲ್ಲದವನನ್ನು ಅವರು ನಂಬುವುದಿಲ್ಲ."

"ಕೇಳಿದಿರಾ, ಮಹಾಪ್ರಭು!" ವಾಮರಸಯ್ಯ ಗರ್ಜಿಸಿದ. "ಪರರ ಕೈಯ ತಿನಿಸು ತಿನ್ನಿಸಿ ಕುಲ ಕೆಡಿಸುವ ಹುನ್ನಾರವಿದು. ಆ ಪಾಠವನ್ನು ಹಿಂದೆಗೆದುಕೊಳ್ಳಲಿ, ಇಲ್ಲವೇ ಆ ನಾಲಗೆಯನ್ನು ಕತ್ತರಿಸಿ!"

ಪಂಡಿತರು ತಲೆದೂಗಿದರು. ನಾಚಿಕೆಗೇಡು! ಸಾಹೇಬರ ಮೂಲಕ ಅರಬರ ಅತ್ತರು ತರಿಸಿ ಪೂಸಿಕೊಂಡವರೇ ಅವರೆಲ್ಲ. ಹಂಪರಸನ ತಂದೆ, ರಾಜಪುರೋಹಿತ ನರಹರಿ ಭಟ್ಟರೂ ತಲೆದೂಗಿದರು.

ಮಹಾರಾಜರು ಅಳುಕಿದರು. "ಸಾಹೇಬರೇ, ಆ ಖರ್ಜೂರದ ಮಾತೊಂದನ್ನು ಬಿಟ್ಟುಬಿಡಿ."

ಸಾಹೇಬರ ಕಣ್ಣು ಕೆಂಡವಾಯಿತು. "ಬಿಟ್ಟರೆ ಹಂಪರಸರು ಬರಿಗೈಯಲ್ಲಿ ಮರಳುತ್ತಾರೆ, ನಿಮ್ಮ ಸವಾರರು ಮತ್ತೆ ಕುಂಟು ಕುದುರೆಯ ಮೇಲೆ ಸಾಯುತ್ತಾರೆ! ಈ ಅರಮನೆಯ ಉಪ್ಪು ತಿಂದ ನಾಲಗೆಯಿದು. ಬೇಕಾದರೆ ಕತ್ತರಿಸಿ. ಸುಳ್ಳನ್ನು ಮಾತ್ರ ಕಲಿಸಲಾರೆ."

ವಾಮರಸಯ್ಯ ಸನ್ನೆ ಮಾಡಲು ಭಟರು ಮುಂದೆ ಬಂದರು. ಹಂಪರಸ ಅವರನ್ನು ತಳ್ಳಿಕೊಂಡು ಬಂದು, ಸಾಕ್ಷಿಯೆಂದು ತಂದಿರಿಸಿದ್ದ ಖರ್ಜೂರದ ಬುಟ್ಟಿಯನ್ನು ಸಾಹೇಬರ ಮುಂದೆ ಹಿಡಿದ.

"ನಿಮ್ಮ ಕೈಯಾರೆ ಕೊಡಿ, ಗುರುಗಳೇ."

"ಬೇಡ, ಸ್ವಾಮಿ. ನಿಮ್ಮ ತಂದೆಯವರು ಇಲ್ಲಿಯೇ..."

"ಕೊಡಿ!"

ಸಾಹೇಬರು ಕೊಟ್ಟ ಖರ್ಜೂರವನ್ನು ಹಂಪರಸ ತುಂಬಿದ ಸಭೆಯಲ್ಲಿ ನಿಧಾನವಾಗಿ ಅಗಿದು ನುಂಗಿದ. ಆಮೇಲೆ ವಾಮರಸಯ್ಯನತ್ತ ತಿರುಗಿದ. "ಕುಲ ಕೆಟ್ಟಿತು, ಪ್ರಧಾನರೇ. ಕೆಡಿಸಿಕೊಂಡವನು ನಾನು. ಇನ್ನು ಯಾವುದನ್ನು ಕಾಪಾಡಲು ಇವರ ನಾಲಗೆ ಕತ್ತರಿಸುತ್ತೀರಿ?"

ಮಹಾರಾಜರು ತಲೆ ತಗ್ಗಿಸಿ, ಕೈಸನ್ನೆಯಿಂದ ಭಟರನ್ನು ಹಿಂದೆ ಕಳುಹಿಸಿದರು.

ಆಗ ನರಹರಿ ಭಟ್ಟರು ಎದ್ದರು. "ಇನ್ನು ನಮ್ಮ ಹೊಸ್ತಿಲು ತುಳಿಯಬೇಡ," ಎಂದಷ್ಟೇ ಹೇಳಿ, ಮಗನ ಮುಖವನ್ನೂ ನೋಡದೆ ಹೊರಟುಹೋದರು.

ತಂದೆ ಹೋದ ದಿಕ್ಕಿಗೆ ಹಂಪರಸ ನೆಲಮುಟ್ಟಿ ನಮಸ್ಕರಿಸಿದ. ಎದ್ದಾಗ ಅವನ ಕಣ್ಣುಗಳು ತುಂಬಿದ್ದವು.

"ಹಡಗು ಇಂದೇ ಹೊರಡಲಿ, ಪ್ರಭು. ನನಗೆ ಹೋಗಲು ಬೇರೆ ಮನೆಯಿಲ್ಲ."