ದೇಶ ಗೊತ್ತಿಲ್ಲದ ನೋಟು

"ಇದು ನನ್ನ ನೋಟಲ್ಲ."

ಮನೆಯ ಯಜಮಾನರಾದ ಹಡಗಿನ ನಿವೃತ್ತ ಇಂಜಿನಿಯರ್ ಆಲ್ಬಮ್ಮಿನ ಪುಟವನ್ನು ನೋಟಿನ ಸಮೇತ ಮೇಜಿನ ದೀಪಕ್ಕೆ ಹಿಡಿದರು. ಕಾಗದದೊಳಗೆ ಕಾಣಬೇಕಿದ್ದ ನೆರಳುಚಿತ್ರ ಇರಲಿಲ್ಲ. ಯಾರೋ ಎರಡೂ ಬದಿಗೆ ಬಣ್ಣದ ಪ್ರಿಂಟ್ ಹಾಕಿ, ನೀಟಾಗಿ ಕತ್ತರಿಸಿ, ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಿಗೆ ಸೇರಿಸಿದ್ದರು. ಅಸಲಿ ಮಾಯವಾಗಿತ್ತು.

ಕರೆ ಬಂದದ್ದು ನಮ್ಮತ್ತಿಗೆಗೆ. ಪೊಲೀಸ್ ಕೆಲಸದಿಂದ ಅವರು ನಿವೃತ್ತರಾಗಿದ್ದಾರೆ, ಅವರ ಮೂಗು ಇನ್ನೂ ಆಗಿಲ್ಲ. ಕಾರು ಓಡಿಸಲು ಮೈದುನನೆಂಬ ಬಿಟ್ಟಿ ಚಾಲಕ ನಾನಿದ್ದೇನೆ.

ಬಂದರಿನಿಂದ ಬಂದರಿಗೆ ಸುತ್ತಿ ಕೂಡಿಸಿದ ನೋಟುಗಳಲ್ಲಿ ಇದೊಂದೇ ಅನಾಥ. ಮುಖವಿಲ್ಲ, ಕಟ್ಟಡವಿಲ್ಲ. ಬಳ್ಳಿಯಂಥ ಅಕ್ಷರ, ಗಂಟುಗಂಟಾದ ಚಿತ್ತಾರ, ಮೂಲೆಯಲ್ಲೊಂದು ಕೆಂಪು ಮುದ್ರೆ. ಯಾವ ದೇಶದ್ದೆಂದು ಹುಡುಕಿ ಹುಡುಕಿ ಯಜಮಾನರು ಸೋತಿದ್ದರು.

"ಆಲ್ಬಂ ಇಡೋ ಬೀರು ಕೀಲಿ ಯಾರ ಹತ್ರ ಇತ್ತು?" ಅತ್ತಿಗೆ ಕೇಳಿದರು.

"ನನ್ನ ಹತ್ರ. ಕೋಣೆಗೆ ಬಣ್ಣ ಹೊಡೆಸುವಾಗ ಮಾತ್ರ ಅಳಿಯಂದಿರ ಹತ್ರ." ಕೊನೆಯ ಮಾತನ್ನು ಅವರು ಅಳಿಯನ ಮುಖ ನೋಡಿಯೇ ಹೇಳಿದರು.

"ಬೀರು ಸರಿಸಿದೆ. ಬಾಗಿಲು ತೆಗೀಲಿಲ್ಲ," ಎಂದ ಅಳಿಯ.

ಪಕ್ಕದ ಕೋಣೆಯಲ್ಲಿ ಮಗಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. "ನನ್ನ ಗಂಡನ್ನ ಕಳ್ಳ ಅಂದ ಮನೇಲಿ ನಾನಿರಲ್ಲ ಅಪ್ಪ," ಎಂದು ಅಲ್ಲಿಂದಲೇ ಹೇಳಿದಳು. ಅಂಗೈಯಗಲದ ಕಾಗದಕ್ಕೆ ಅಪ್ಪ ಮಗಳು ದೂರವಾಗುವುದೇ?

ಅಲ್ಲಿದ್ದ ಇನ್ನೊಬ್ಬರು ಯಜಮಾನರ ಗೆಳೆಯ, ಅವರೂ ನೋಟು ಸಂಗ್ರಹಿಸುವವರೇ. ಜೇಬಿನಲ್ಲಿ ಸದಾ ಮಸೂರ ಇರುವುದರಿಂದ ಎಲ್ಲರಿಗೂ ಅವರು 'ಭೂತಗನ್ನಡಿ'.

"ನೀವೂ ಈ ನೋಟು ನೋಡಿದ್ರಾ?" ಅತ್ತಿಗೆ ಅವರತ್ತ ತಿರುಗಿದರು.

"ಎರಡು ಸಲ. ಮೊದಲ ಸಲ ಇವರೇ ಎರಡೂ ಬದಿಯ ಫೋಟೊ ಕಳಿಸಿದ್ರು, ಆಮೇಲೆ ಬಂದು ನೋಡಿದೆ. ಯಾವ ದೇಶ ಅಂತ ಗೊತ್ತಾಗ್ಲಿಲ್ಲ."

"ಆಗ ಆಲ್ಬಂ ಜೊತೆ ಒಬ್ಬರೇ ಇದ್ರಾ?"

"ಇವರು ಕಾಫಿ ತರೋಕೆ ಹೋದಾಗ — ಯಾಕೆ, ನನ್ನ ಮೇಲೂ ಅನುಮಾನಾನಾ?"

ಅತ್ತಿಗೆ ಆಲ್ಬಮ್ಮಿನ ಪುಟವನ್ನು ಒಮ್ಮೆ ದಿಟ್ಟಿಸಿ, ನಕಲಿ ನೋಟನ್ನು ಹೊರಗೆಳೆದು ಅಳಿಯ, ಭೂತಗನ್ನಡಿ ಇಬ್ಬರ ಮುಂದೆ ಮೇಜಿನ ಮೇಲಿಟ್ಟರು. ಕೆಂಪು ಮುದ್ರೆ ಮೇಲೆ, ಎಡಕ್ಕೆ.

"ಪ್ರಿಂಟಲ್ಲಿ ಏನಾದ್ರೂ ತಪ್ಪು ಕಾಣುತ್ತಾ, ನೋಡಿ."

ಅಳಿಯ ಬಗ್ಗಿ ನೋಡಿ ಇಲ್ಲವೆಂದು ತಲೆಯಾಡಿಸಿದ. ಭೂತಗನ್ನಡಿ ಮಸೂರ ತೆಗೆದು, ನೋಟನ್ನು ಅರ್ಧ ಸುತ್ತು ತಿರುಗಿಸಿ ಇಟ್ಟುಕೊಂಡು, ಬಹಳ ಹೊತ್ತು ನೋಡಿದರು. "ಬಣ್ಣ ಸ್ವಲ್ಪ ಮಂಕು. ಬೇರೇನಿಲ್ಲ."

"ನೀವು ಕಳಿಸಿದ ಫೋಟೊ ತೋರಿಸಿ," ಎಂದು ಅತ್ತಿಗೆ ಯಜಮಾನರಿಗೆ ಹೇಳಿದರು.

ಫೋನಿನಲ್ಲಿ ಅಸಲಿ ನೋಟು ಅದೇ ಜೇಬಿನಲ್ಲಿತ್ತು. ನನಗೆ ವಿಶೇಷವೇನೂ ಕಾಣಲಿಲ್ಲ.

"ಮುದ್ರೆ ಎಲ್ಲಿದೆ?"

"ಮೇಲೆ, ಎಡಕ್ಕೆ," ಎಂದೆ.

"ನಾನು ಹೊರಗೆ ತೆಗೆಯೋ ಮುಂಚೆ ನಕಲಿ ನೋಟಲ್ಲಿ ಅದು ಕೆಳಗೆ, ಬಲಕ್ಕಿತ್ತು. ಯಜಮಾನ್ರೇ, ಅಕ್ಷರ ಗೊತ್ತಿಲ್ಲದೆ ನೀವು ಇಷ್ಟು ವರ್ಷ ನೋಟನ್ನ ತಲೆಕೆಳಗಾಗಿ ಇಟ್ಟಿದ್ರಿ."

ಯಜಮಾನರ ಮುಖ ಕೆಂಪೇರಿತು.

"ಅಳಿಯಂದಿರು ಕದ್ದಿದ್ರೆ ಇದ್ದ ಹಾಗೇ ಇಡೋರು. ಅವರಿಗೆ ಅದು ಬರೀ ಚಿತ್ತಾರ. ಅದನ್ನ ನೆಟ್ಟಗೆ ಇಡೋದು ನೋಟಿನ ಗುರುತು ಹತ್ತಿದವರು ಮಾತ್ರ. ನೋಟು ಜೋಡಿಸಿ ಜೋಡಿಸಿ ಪಳಗಿದ ಕೈ ತನಗೇ ಗೊತ್ತಿಲ್ಲದೆ ಸರಿಮಾಡುತ್ತೆ. ನಾನು ಬೇಕಂತಲೇ ತಲೆಕೆಳಗೆ ಇಟ್ಟಿದ್ದೆ, ಈಗಷ್ಟೇ ಸರಿಮಾಡ್ತಲ್ಲ?"

ಎಲ್ಲರೂ ಮೇಜಿನತ್ತ ನೋಡಿದೆವು. ಭೂತಗನ್ನಡಿ ತಿರುಗಿಸಿಟ್ಟ ನೋಟಿನ ಮುದ್ರೆ ಕೆಳಗೆ, ಬಲಕ್ಕಿತ್ತು.

"ಗೊತ್ತಿಲ್ಲ ಅಂದ ನೋಟಿಗೆ ಮೇಲೆ ಕೆಳಗೆ ಹೇಗೆ ಗೊತ್ತಾಯ್ತು?"

ಭೂತಗನ್ನಡಿ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದಿಟ್ಟರು. "ಇದಕ್ಕಾಗಿ ನಾನೂ ಜೀವಮಾನವೆಲ್ಲ ಹುಡುಕಿದ್ದೆ. ಇದು ಯಾವ ದೇಶದ್ದು ಅಂದ್ರೆ —"

"ಹೇಳ್ಬೇಡ," ಎಂದರು ಯಜಮಾನರು. "ನೀನು ಹೊರಡು."

ಬಾಗಿಲು ಮುಚ್ಚಿತು. ಯಜಮಾನರು ಆಲ್ಬಮ್ಮನ್ನು ಅಳಿಯನತ್ತ ತಳ್ಳಿದರು. "ನಾನು ಹಾಗೆ ಅನ್ನಬಾರದಿತ್ತು. ಕೂತ್ಕೊಳ್ಳಿ. ಯಾವ ದೇಶ ಅಂತ ನಾವಿಬ್ರೇ ಹುಡುಕೋಣ."

ಅಳಿಯ ಕೂರಲಿಲ್ಲ.

"ಮೊದಲು ನಿಮ್ಮ ಮಗಳ ಹತ್ರ ಮಾತಾಡಿ, ಮಾವ. ಒಳಗೆ ಅಳ್ತಿದ್ದಾಳೆ."