ಸುಮನಳ ನಿಂಬೆಗಿಡಕ್ಕೆ ಹೊಡೆದ ಮೊಳೆ

"ಹೊಟ್ಟಿಕಿಚ್ಚಿಟ್ಕೊಂಡು ಮಂದಿ ನಿಂಬಿಗಿಡಕ್ಕ ಕೈ ಹಚ್ಚಬ್ಯಾಡ್ರಿ ಅಕ್ಕಾರ. ಅದರ ಹುಳಿ ನಿಮ್ಮ ಮೈಯಾಗ ಇಳೀತದ," ಎಂದಳು ಮನೆಯೊಡತಿ ಕೇಶರಬಾಯಿ.

ಶರೋನ ನಕ್ಕುಬಿಟ್ಟಳು. ಗಂಡ ಪಾಲನಿಗೆ ಔರಾದಿನ ಶಾಲೆಯಲ್ಲಿ ನೌಕರಿಯಾದ್ದರಿಂದ ನಾಲ್ಕು ತಿಂಗಳ ಕೂಸನ್ನೆತ್ತಿಕೊಂಡು ಬೀದರದಿಂದ ಬಂದವಳು. "ನಾ ನರ್ಸ್ ಇದ್ದೇನ್ರಿ ಬಾಯಿ. ಇಂಥಾ ಮಾಟ-ಗೀಟ ನನಗ ಹತ್ತಂಗಿಲ್ಲ."

ಜೊತೆಗೆ ತಂದ ಅವಳ ನಿಂಬೆಗಿಡ ಅರ್ಧ ಡ್ರಮ್ಮಿನಲ್ಲಿ ಬರೀ ಎಲೆ ಬಿಡುತ್ತಿತ್ತು. ಗೋಡೆಯಾಚೆ ನೆರೆಮನೆಯ ಸುಮನಳ ಗಿಡಕ್ಕೋ, ಕೊಂಬೆ ನೆಲ ಮುಟ್ಟುವಷ್ಟು ಕಾಯಿ. ಸುಮನಳೂ ಎಳೆಗೂಸಿನ ತಾಯಿ. ಗುಟ್ಟೇನೆಂದು ಕೇಳಿದಾಗ ಏನನ್ನೂ ಮುಚ್ಚಿಡಲಿಲ್ಲ.

"ಹದಿನೈದು ದಿನ ನೀರ್ ಬಂದ್ ಮಾಡ್ರಿ. ಎಲಿ ಬಾಡಲಿ. ಆಮ್ಯಾಲ ಬೇವಿನ ಹಿಂಡಿ ಹಾಕಿ ನೀರ್ ಬಿಡ್ರಿ. ಹೂ ತಾವೇ ಬರ್ತಾವ."

ಶರೋನ ಹಾಗೆಯೇ ಮಾಡಿದಳು. ಇದ್ದ ಎಲೆಯೂ ಉದುರಿತು. ಸುಮನ ಏನೋ ಬಚ್ಚಿಟ್ಟಿದ್ದಾಳೆ ಅನಿಸಿತು. ಓಣಿಯ ಹೆಂಗಸರೆಲ್ಲ ಉಪ್ಪಿನಕಾಯಿಗೆಂದು ಸುಮನಳ ಬಾಗಿಲು ತಟ್ಟುವುದನ್ನು ಕಿಟಕಿಯಿಂದ ನೋಡುವಾಗ ಎದೆಯಲ್ಲಿ ಕೆಂಡ ಹೊರಳುತ್ತಿತ್ತು. ಒಂದು ದಿನ ಪಾಲನೇ, "ಆಕಿ ಕೈಗುಣಾನೇ ಬ್ಯಾರೆ," ಎಂದುಬಿಟ್ಟ.

ಮರುದಿನ ಸುಡು ಮಧ್ಯಾಹ್ನ, ಸುಮನ ಪೇಟೆಗೆ ಹೋದ ಹೊತ್ತು ನೋಡಿ ಶರೋನ ಗೋಡೆ ದಾಟಿದಳು. ಮುಷ್ಟಿಯಲ್ಲಿ ಮೂರು ತುಕ್ಕು ಮೊಳೆ. "ಒಣಗಿ ಹೋಗು," ಎನ್ನುತ್ತ ಒಂದೊಂದನ್ನೇ ಬುಡಕ್ಕೆ ಹೊಡೆದಳು. ಮೂರನೆಯ ಏಟಿಗೆ ಗಿಡದೊಳಗೆ ಯಾರೋ ನರಳಿದಂತಾಯಿತು. ನಿಂಬೆಯ ಘಾಟು ಮೂಗಿಗೆ ಬಡಿಯಿತು. ಮನೆಗೆ ಬಂದು ಎಷ್ಟು ತಿಕ್ಕಿ ತೊಳೆದರೂ ಕೈಯಿಂದ ಹೋಗಲಿಲ್ಲ.

ಕೂಸು ಅತ್ತಿತು. ಎದೆಗೆ ಹಾಕಿಕೊಂಡಳು. ಒಂದೇ ಗುಟುಕು. ಮುಖ ಕಿವುಚಿ ಕಿಟಾರನೆ ಕಿರುಚಿತು. ತುಟಿಯ ಮೇಲೆ ಬಿಳಿ ಗಡ್ಡೆ. ಬಟ್ಟಲಿಗೆ ಹಿಂಡಿ ನೋಡಿದಳು. ಹಳದಿ ನೀರು. ಹುಳಿ ನಾತ. ಎದೆಹಾಲು ಒಡೆದಿತ್ತು.

ದವಾಖಾನೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಪಾಲ ಬಾಟಲಿ ಹಾಲು ಕುಡಿಸಿದ; ಮಗು ಅದನ್ನೂ ಕಾರಿಕೊಂಡಿತು. ಎರಡನೆಯ ದಿನಕ್ಕೆ ಅಳುವಿಗೂ ದನಿಯಿರಲಿಲ್ಲ.

ಕೇಶರಬಾಯಿಯ ಮಾತು ನೆನಪಾಗಿ, ಕೂಸನ್ನೆತ್ತಿಕೊಂಡು ಶರೋನ ಸುಮನಳ ಅಂಗಳಕ್ಕೆ ಓಡಿದಳು. ಹಳದಿಗಟ್ಟಿದ ಗಿಡದ ಕೆಳಗೆ ಸುಮನ ಉದುರಿದ ಕಾಯಿ ಆಯುತ್ತಿದ್ದಳು.

"ಮೊಳಿ ನಾನೇ ಹೊಡ್ದೇನ್ರಿ. ನನ್ನ ಕೂಸಿನ್ನ ಉಳಿಸ್ರಿ!"

ಮಗುವನ್ನು ಅವಳ ಕೈಗಿತ್ತು ಬರಿ ಬೆರಳಿನಿಂದ ಮೊಳೆ ಕೀಳತೊಡಗಿದಳು. ಒಂದು. ಉಗುರು ಕಿತ್ತು ಬಂತು. ಎರಡು. ರಕ್ತ. ಮೂರು. ತೂತಿನಿಂದ ಬೆಳ್ಳಗೆ ತೊಟ್ಟಿಕ್ಕಿತು. ಬೆಚ್ಚಗಿತ್ತು. ಹಾಲು.

ಸುಮನ ಸೆರಗು ಸರಿಸಿ ಮಗುವನ್ನು ತನ್ನ ಎದೆಗೆ ಹಚ್ಚಿದಳು. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು.

ಮಗು ಬದುಕಿತು. ಶರೋನಳ ಎದೆ ಬತ್ತಿತು. ಅವಳು ಮುಟ್ಟಿದರೆ ಸಾಕು, ಮಗು ಚೀರುತ್ತದೆ. ವರ್ಷ ತುಂಬುತ್ತ ಬಂದರೂ, ಒಂದು ತುತ್ತು ಉಣ್ಣಿಸಲೂ ಸುಮನಳೇ ಬರಬೇಕು. ಮೊನ್ನೆ ಅದು ಸುಮನಳ ಕೊರಳಿಗೆ ಜೋತುಬಿದ್ದು ಮೊದಲ ಬಾರಿಗೆ "ಅವ್ವಾ" ಎಂದಿತು.

"ನಿಮಗೇ ಕರೀಲಾಕತ್ತದ್ರಿ ಅಕ್ಕಾ," ಎಂದಳು ಸುಮನ, ಕರುಣೆಯಿಂದ.

ಶರೋನ ಹೌದೆಂದು ತಲೆಯಾಡಿಸಿದಳು. ಹತ್ತಿರ ಹೋಗಲು ಧೈರ್ಯ ಬರಲಿಲ್ಲ.