ಅರೆಗಂಟು

ದೋಣಿಯ ಹಿಂದಿನ ಹಗ್ಗ ಬಿಚ್ಚಿ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅವನು ಮುಂದಿನದಕ್ಕೆ ಕೈಹಾಕಿದ. ಗಂಟು ಒಂದೇ ಎಳೆತಕ್ಕೆ ಬಿಟ್ಟುಕೊಂಡಿತು. ಹಗ್ಗವೂ ಧಾರಾಳ ಸಡಿಲ, ಥೇಟು ಅಪ್ಪ ಕಟ್ಟುವ ಹಾಗೆ. ಭಾವ ಈಗ ಗಂಟಿನಲ್ಲೂ ತನ್ನ ಮಾವನನ್ನು ಓಲೈಸತೊಡಗಿದ್ದಾನಲ್ಲ ಎಂದು ಅವನ ಮೈಯೆಲ್ಲ ಉರಿಯಿತು.

ದೋಣಿ ಕಟ್ಟುವ ದಕ್ಕೆ ಖಾಲಿಯಿತ್ತು. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ತಲೆನೋವೆಂದು ಊಟ ಬಿಟ್ಟು ಮಹಡಿ ಹತ್ತಿದ್ದ ಅವನು ಹಿಂದಿನ ಮೆಟ್ಟಿಲಿಂದ ಇಳಿದು ಬಂದಿದ್ದ.

ಚಿಕ್ಕಂದಿನಲ್ಲಿ ಒಮ್ಮೆ ಅವನು ಕಟ್ಟಿದ ದೋಣಿ ಬಿಚ್ಚಿಕೊಂಡು ತೇಲಿಹೋಗಿತ್ತು. ಅಂದು ಅಪ್ಪ ಇಟ್ಟ ಹೆಸರು ‘ಅರೆಗಂಟು’. ಗಡ್ಡ ನರೆತರೂ ಹೆಸರು ಉದುರಲಿಲ್ಲ. ಅಪ್ಪನಿಗೆ ಈಗ ಮಂಡಿ ಬಗ್ಗುವುದಿಲ್ಲ. ಮೋಟಾರು ದೋಣಿಯನ್ನೂ ಅದು ನಿಲ್ಲುವ ಜಾಗವನ್ನೂ ಯಾರಿಗಾದರೂ ಒಪ್ಪಿಸಲೇಬೇಕು. ಬೆಳಿಗ್ಗೆ ಹೇಳಿಯೂಬಿಟ್ಟರು: “ಓಡಿಸೋಕೆ ಎಲ್ಲರಿಗೂ ಬರುತ್ತೆ ಕಣೋ. ಕಟ್ಟೋಕೆ ಬರೋನಿಗೆ ಸಂಜೆ ಕೀಲಿಕೈ ಕೊಡ್ತೀನಿ.” ಹೇಳುವಾಗ ಕಣ್ಣು ಅಳಿಯನ ಮೇಲಿತ್ತು. “ಅರೆಗಂಟು, ನೀನು ಹೋಗಿ ಪೆಟ್ರೋಲ್ ತಗೊಂಡು ಬಾ.”

ಅವನು ಡಬ್ಬಿ ಹೊತ್ತು ಬರುವಷ್ಟರಲ್ಲಿ ಮಾವ ಅಳಿಯ ದೋಣಿಯಲ್ಲಿ ಒಂದು ಸುತ್ತು ಹೊಡೆದು ಬಂದಾಗಿತ್ತು. ಭಾವ ಹೊಸ್ತಿಲಲ್ಲಿ ನಿಂತು, ಬಲಗೈ ಪ್ಯಾಂಟಿನ ಜೇಬಿಗೆ ತುರುಕಿ, ಎಡಗೈಯಲ್ಲಿ ಚಹಾ ಹೀರುತ್ತಿದ್ದ. ಏನು ಠೀವಿ! ಡಬ್ಬಿಗೆ ಒಂದು ಕೈ ಕೊಡಲಿಲ್ಲ. “ಅಲ್ಲೇ ಇಡಪ್ಪಾ,” ಅಂದ, ಕೂಲಿಯವನಿಗೆ ಹೇಳುವ ಹಾಗೆ.

ಆಗಲೇ ಉಪಾಯ ಹೊಳೆದದ್ದು. ಈಗ ಉಬ್ಬರ, ದೋಣಿ ದಕ್ಕೆಯ ಅಂಚಿಗೆ ಸಮವಾಗಿ ನಿಂತಿದೆ. ಎರಡೂ ಹಗ್ಗಗಳನ್ನು ಒಂದೇ ಪಕ್ಕಕ್ಕೆ ಗಿಡ್ಡವಾಗಿ ಬಿಗಿದರೆ ಸಾಕು. ನೀರು ಇಳಿಯುತ್ತದೆ, ಹಗ್ಗ ಬಿಡುವುದಿಲ್ಲ. ಒಂದು ಪಕ್ಕ ನೇತಾಡುತ್ತದೆ, ಇನ್ನೊಂದು ವಾಲಿ ನೀರು ಕುಡಿಯುತ್ತದೆ. ಕೊರೆಯಬೇಕಿಲ್ಲ, ಕತ್ತರಿಸಬೇಕಿಲ್ಲ. ದೋಣಿಯನ್ನು ಆಮೇಲೆ ಎತ್ತಿ ಒಣಗಿಸಬಹುದು. ಭಾವನ ಹೆಸರನ್ನು ಎತ್ತಲಾಗದು.

ಗಂಟು ಮಾತ್ರ ಭಾವನದೇ ಆಗಿರಬೇಕು. ಗೂಟಕ್ಕೆ ಒಂದು ಸುತ್ತು ಹೆಚ್ಚು, ಉಳಿದ ತುದಿಯನ್ನು ಒಳಗೆ ಸಿಕ್ಕಿಸುವುದು. ಇಡೀ ದಕ್ಕೆಯಲ್ಲಿ ಹಾಗೆ ಕಟ್ಟುವವನು ಭಾವನೊಬ್ಬನೇ. ಈಗ ಇವನ ಬೆರಳುಗಳು ಅದನ್ನು ಎಷ್ಟು ಚೆನ್ನಾಗಿ ಕಟ್ಟಿದವೆಂದರೆ, ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ತೋರಿಸುವಂತಿಲ್ಲ, ಅದೊಂದೇ ಅವನಿಗೆ ಬೇಸರ.

ಸಂಜೆ ನೆರೆಯ ದೋಣಿಯವನು ಕೂಗಿಕೊಂಡ. ಎಲ್ಲರೂ ಓಡಿದರು. ದೋಣಿ ಗಾಳಕ್ಕೆ ಸಿಕ್ಕ ಮೀನಿನಂತೆ ಒಂದು ಪಕ್ಕಕ್ಕೆ ನೇತುಬಿದ್ದಿತ್ತು. ಇಂಜಿನ್ ನೀರೊಳಗೆ. ಅವನು ಕಣ್ಣುಜ್ಜಿಕೊಳ್ಳುತ್ತ ಕೊನೆಗೆ ಬಂದ.

“ಅಯ್ಯೋ ಭಾವ! ಇಷ್ಟು ಬಿಗೀನಾ? ಇಳಿತ ಇದೆ ಅನ್ನೋದೂ ಮರೆತುಹೋಯ್ತಾ?”

ಅಪ್ಪ ಕೋಲೂರಿ ಬಗ್ಗಿ, ಗೂಟದ ಮೇಲಿನ ಗಂಟನ್ನು ಬೆರಳಿಂದ ಸವರಿ ನೋಡಿದರು.

“ಇದು ನಿನ್ನ ಭಾವನ ಗಂಟೇ,” ಅಂದರು.

“ಮತ್ತೆ! ನಾನು ಹೇಳಿದ್ದೂ ಅದೇ ಅಲ್ವಾ?”

ಭಾವ ಜೇಬಿನಿಂದ ಬಲಗೈ ತೆಗೆದ. ಮಣಿಕಟ್ಟಿನವರೆಗೆ ಬಿಳಿ ಪಟ್ಟಿ, ಹೊರಗೆ ಹೆಬ್ಬೆರಳೊಂದೇ. “ಬೆಳಿಗ್ಗೆ ಇಂಜಿನ್ ಮುಚ್ಚಳಕ್ಕೆ ಸಿಕ್ಕಿಬಿಡ್ತು ಕಣೋ. ನಿನ್ನ ಅಕ್ಕ ಗಾಬರಿಯಾಗ್ತಾಳೆ ಅಂತ ಬಚ್ಚಿಟ್ಟಿದ್ದೆ. ಊಟಕ್ಕೆ ಕೂತಾಗ ಎಲ್ಲರಿಗೂ ಗೊತ್ತಾಯ್ತು. ನೀನು ಮೇಲೆ ಮಲಗಿದ್ದೆಯಲ್ಲ...” ಎಂದವನು ನೀರಿನ ಕಡೆ ತಿರುಗಿದ. ಅಪ್ಪ ಇನ್ನೂ ಬಗ್ಗಿಯೇ ಇದ್ದರು. “ಅದಕ್ಕೇ ಇವತ್ತು ದೋಣಿ ಕಟ್ಟಿದ್ದು ನಾನು,” ಅಂದರು. ಅವನಿಗೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. “ಬಿಡಿ ಅಪ್ಪಾ, ನಿಮಗೆ ಮಂಡಿ ನೋವು. ಹಗ್ಗ ನಾನು ಬಿಚ್ತೀನಿ,” ಎಂದು ಮುಂದೆ ಬಂದ. ಅಪ್ಪ ಕೋಲನ್ನು ಅಡ್ಡ ಹಿಡಿದರು.

“ಬೇಡ.”